ಅಪ್ಪ ಕೊಟ್ಟ ಬೆತ್ತದ ಬಳೆ

ನಾನು ಹುಟ್ಟಿದ್ದು ಸ್ಟೇಷನ್ನಿನ ಬೆಂಚಿನ ಮೇಲೆ. "ಅಷ್ಟೇನು ಅರ್ಜೆಂಟಿತ್ತಮ್ಮ ನಿನಗೆ?" ಎಂದು ಸ್ಟೇಷನ್ ಮಾಸ್ತರರು ಈಗಲೂ ಕೆಣಕುತ್ತಾರೆ. ನನಗೆ ನಗು ಬರುವುದಿಲ್ಲ.

ನಮ್ಮದು ಒಂಟಿ ಹಳಿಯ ಸ್ಟೇಷನ್. ಮುಂದಿನ ಹಳಿ ಖಾಲಿ ಎಂಬ ಗುರುತಿಗೆ ಮಾಸ್ತರರು ಯಂತ್ರದಿಂದ ತೆಗೆದುಕೊಟ್ಟ ಕಬ್ಬಿಣದ ಗುಂಡನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿದ ಚೀಲಕ್ಕೆ ಹಾಕಿ ಡ್ರೈವರನಿಗೆ ದಾಟಿಸುವುದು ಅಪ್ಪನ ಕೆಲಸ. ಗುಂಡು ಒಂದು ಸಲಕ್ಕೆ ಒಂದೇ; ಅದು ಹೊರಗಿರುವಾಗ ಯಂತ್ರ ಇನ್ನೊಂದನ್ನು ಕೊಡುವುದಿಲ್ಲ. ಅದಿಲ್ಲದೆ ಯಾವ ರೈಲೂ ಮುಂದೆ ಹೋಗುವಂತಿಲ್ಲ. ನಿಲ್ಲದೆ ಓಡುವ ರೈಲಿಗೆ ಅಪ್ಪ ಬಳೆ ಎತ್ತಿ ಹಿಡಿದರೆ ಡ್ರೈವರು ಕೈ ತೂರಿಸಿ ಎಳೆದುಕೊಳ್ಳುತ್ತಿದ್ದ. ಒಂದು ದಿನವೂ ಕೈ ತಪ್ಪಿದ್ದಿಲ್ಲ. ಊರಿಗೆಲ್ಲ ಅಪ್ಪ 'ಬಳೆಗಾರ'.

ನಾನು ಹುಟ್ಟಿದ ಆ ಬೆಳಿಗ್ಗೆ ಹತ್ತು ಹೆಜ್ಜೆಯಾಚೆ ಏನೂ ಕಾಣದಷ್ಟು ಮಂಜು. ಅಮ್ಮನಿಗೆ ನೋವು ಶುರುವಾಗಿತ್ತು. ಎಂಟರ ರೈಲಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಲು ಅಜ್ಜಿ ಅವಳನ್ನು ಬೆಂಚಿನ ಮೇಲೆ ಮಲಗಿಸಿದ್ದಳು. ಅಪ್ಪ ಬಳೆ ಹಿಡಿದು ಬೆಂಚಿನಿಂದ ನಾಲ್ಕು ಹೆಜ್ಜೆ ಆಚೆ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಿದ್ದ. ಎಂಟಕ್ಕೆ ಐದು ನಿಮಿಷವಿರುವಾಗ ಮಂಜಿನೊಳಗಿಂದ ಒಂದು ರೈಲು ಸದ್ದಿಲ್ಲದೆ ಬಂತು. ವೇಗ ಇಳಿಸಲಿಲ್ಲ. ಎಂಜಿನ್ನಿನ ಕಿಟಕಿಯಿಂದ ಒಂದು ಕೈ ಹೊರಬಂತು. ಅಪ್ಪ ಬಳೆ ಕೊಟ್ಟ.

ಐದೇ ನಿಮಿಷಕ್ಕೆ ಎಂಟರ ರೈಲು ಬಂದು ನಿಂತಿತು.

"ಗುಂಡೆಲ್ಲಪ್ಪ?" ಎಂದ ಡ್ರೈವರು.

"ಈಗ ಹೋದ ಗಾಡಿಗೆ ಕೊಟ್ಟೆನಲ್ಲ."

"ಯಾವ ಗಾಡಿನೋ? ಬೆಳಿಗ್ಗೆಯಿಂದ ನಾವೇ ಮೊದಲು."

ಮಾಸ್ತರರೂ ಹೌದೆಂದರು. ಯಾವ ಗಾಡಿಯೂ ಹೋಗಿರಲಿಲ್ಲ.

ರೈಲು ಕದಲಲಿಲ್ಲ. ಅಜ್ಜಿ ಕಾಲಿಗೆ ಬಿದ್ದರೂ ಡ್ರೈವರು ರೂಲ್ಸು ಅಂದ. ಸುಡಲಿ ಅವನ ರೂಲ್ಸು. ಹಳಿಗುಂಟ ಹುಡುಕಿಕೊಂಡು ಹೋದವರಿಗೆ ಬಳೆ ಸಿಕ್ಕಿದ್ದು ಮೂರು ಮೈಲಿಯಾಚೆ, ಹಳಿಗಳ ನಡುವೆ, ಯಾರೋ ಜೋಪಾನವಾಗಿ ಇಟ್ಟ ಹಾಗೆ. ಅವರು ವಾಪಸು ಬರುವಷ್ಟರಲ್ಲಿ ನಾನು ಅಳುತ್ತಿದ್ದೆ. ಅಮ್ಮನ ಮೈ ತಣ್ಣಗಾಗಿತ್ತು.

ಅಪ್ಪ ಅದೇ ಕೆಲಸದಲ್ಲಿ ಮುಂದುವರಿದ. ಆದರೆ ರೈಲು ಬರುವಾಗ ಬಳೆ ಎತ್ತುವ ಮುಂಚೆ "ಯಾರು? ಮಾತಾಡಿ" ಎಂದು ಕೂಗುತ್ತಿದ್ದ. "ನಿಮ್ಮ ಭಾವ ಕಣಯ್ಯಾ" ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಉತ್ತರ ಕೇಳದೆ ಅಪ್ಪ ಬಳೆ ಬಿಡುತ್ತಿರಲಿಲ್ಲ.

ಅಪ್ಪ ರಿಟೈರಾದ ದಿನ ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅವತ್ತು ಬಳೆ ತಗೊಂಡಿದ್ದು ಯಾರ ಕೈಯಪ್ಪ?"

ಅಪ್ಪ ತನ್ನ ಮಣಿಕಟ್ಟನ್ನು ಮುಟ್ಟಿ ತೋರಿಸಿದ.

"ಮಣಿಕಟ್ಟಲ್ಲಿ ಒಲೆ ಸುಟ್ಟ ಗಾಯ ಇತ್ತು. ಹಿಂದಿನ ದಿನ ನಾನೇ ಮುಲಾಮು ಹಚ್ಚಿದ್ದೆ."

"ಅಮ್ಮ ಬೆಂಚಿನ ಮೇಲಿದ್ದಳಲ್ಲಪ್ಪ?"

"ತಿರುಗಿ ನೋಡಿದೆ. ಅಲ್ಲೂ ಇದ್ದಳು."

"ಮತ್ತೆ ಯಾಕಪ್ಪ ಕೊಟ್ಟೆ?"

"ಅವಳು ಕೈ ಚಾಚಿದಾಗ ನಾನು ಯಾವತ್ತು ಇಲ್ಲ ಅಂದಿದ್ದೀನಿ, ಮಗಳೇ?"