ಬೀಗ ಹಾಕಿದ ಮನೆಯಲ್ಲಿ ನೀರು ಕೇಳಿದವಳು

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಕಾಣದ ದನಿ, ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ, ಕೂಡ್ಲಿಗಿಯ ನನ್ನ ಬಟ್ಟೆ ಅಂಗಡಿಯಲ್ಲಿ ಅವರಿಗೆ ಗೇಲಿಯೇ ಕಾದಿರುತ್ತಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ರಕ್ತ ಶುದ್ಧಿ ಮಾಡುವ ಮಷೀನಿಗಾಗಿ ಬಳ್ಳಾರಿಗೆ ಓಡಾಡುವ ಬದಲು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಅನ್ನು ಆಸ್ಪತ್ರೆಯವರು ಕಲಿಸಿ ಕಳಿಸಿದರು. ಹೊಕ್ಕಳ ಪಕ್ಕದಲ್ಲಿ ಒಂದು ಸಣ್ಣ ಪೈಪು. ಹೊಟ್ಟೆಯೊಳಗಿನ ಹಳೆಯ ನೀರನ್ನು ಅದರ ಮೂಲಕ ನೆಲದ ಮೇಲಿನ ಚೀಲಕ್ಕೆ ಇಳಿಸಬೇಕು, ಮೇಲೆ ಮೊಳೆಗೆ ತೂಗುಹಾಕಿದ ಚೀಲದಿಂದ ಔಷಧದ ಹೊಸ ನೀರು ತುಂಬಿಸಿಕೊಳ್ಳಬೇಕು. ದಿನಕ್ಕೆ ಮೂರ್ನಾಲ್ಕು ಸಲ. ಮುಗಿಯುವವರೆಗೆ ಕೂತಲ್ಲಿಂದ ಏಳುವಂತಿಲ್ಲ.

ನೋವಿಗಿಂತ ನಾಚಿಕೆಯೇ ನನ್ನನ್ನು ಹೆಚ್ಚು ತಿಂದಿತು. ಹೆಂಡತಿ ನೀಲಮ್ಮನ ಎದುರು ಅಂಗಿ ಎತ್ತಲೂ ಮುಖ ತಿರುಗಿಸುತ್ತಿದ್ದೆ. ಓಣಿಯವರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದ್ದೆ. ಅಂಗಡಿಯನ್ನು ಅವಳೇ ನೋಡಿಕೊಳ್ಳತೊಡಗಿದಾಗ, ಹೋಗುವಾಗ ಮುಂಬಾಗಿಲಿಗೆ ಬೀಗ ಹಾಕಿಕೊಂಡು ಹೋಗು ಎಂದೆ. ಮಾತಾಡಿಸಲು ಬಂದವರು ಬೀಗ ನೋಡಿ ಹಿಂತಿರುಗಲಿ ಎಂದು.

"ಒಳಗ ಮನುಷ್ಯಾರ್ನ ಇಟ್ಟು ಬೀಗ ಹಾಕಾಕ ನನಗ ಕೈ ಬರಂಗಿಲ್ರಿ" ಎಂದು ಅವಳು ಅತ್ತಳು. ನಾನು ಹಟ ಬಿಡಲಿಲ್ಲ.

ಅದು ಬೇಸಿಗೆಯ ಮಧ್ಯಾಹ್ನ. ಪೈಪಿಗೆ ಸೋಂಕು ತಗಲದಂತೆ ಒಳಕೋಣೆಯ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಕಟ್ಟಿಕೊಂಡು ಕೂತಿದ್ದೆ. ನೀರು ಇಳಿಯುತ್ತಿತ್ತು. ಆಗ ಬಾಗಿಲಿನ ಆಚೆಯೇ, ಪಡಸಾಲೆಯಲ್ಲಿ, ಬಳೆ ಸದ್ದಾಯಿತು.

"ಯಪ್ಪಾ, ಕುಡಿಯಾಕ ಒಂದೀಟು ನೀರು ಕೊಡು. ಗಂಟ್ಲು ಒಣಗೈತಿ."

ವಯಸ್ಸಾದ ಹೆಂಗಸಿನ ದನಿ. ನೀರಡಿಕೆ ಏನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರು ನನಗೆ ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಅಳತೆ ಹಾಕಿದ್ದರು. ಆದರೂ ಆ ಕ್ಷಣ ತಲೆಗೆ ಬಂದದ್ದು ಒಂದೇ ಭಯ: ಈಕೆ ಬಾಗಿಲು ತಳ್ಳಿ ನನ್ನನ್ನು ಹೀಗೆ ನೋಡಿಬಿಟ್ಟರೆ? ಟವೆಲಿನಿಂದ ಹೊಟ್ಟೆ ಮುಚ್ಚಿಕೊಂಡು ಕೂಗಿದೆ:

"ಮನ್ಯಾಗ ಯಾರೂ ಇಲ್ಲ!"

ಆಚೆ ಯಾರೋ ನೆಲಕ್ಕೆ ಕೂತಂತೆ ಬಳೆ ಮತ್ತೆ ಸದ್ದಾಯಿತು. ಬಳಿಕ ಅದೇ ದನಿ, ಒಂದಿಷ್ಟೂ ಸಿಟ್ಟಿಲ್ಲದೆ, "ಆತು ಬಿಡಪ್ಪಾ. ಹೊಟ್ಟ್ಯಾಗಿನ ನೀರು ಪೂರ್ತಿ ಇಳೀಲಿ. ಅವಸರ ಮಾಡಬ್ಯಾಡ. ನಾನು ಕುಂತಿರ್ತೀನಿ" ಎಂದಿತು.

ನನ್ನ ಹೊಟ್ಟೆಯ ನೀರಿನ ವಿಷಯ ಊರಲ್ಲಿ ನೀಲಮ್ಮನನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಗೋಡೆಗೆ ಒರಗಿ ಕೂತವರ ಏದುಸಿರು ಆಚೆಯಿಂದ ಕೇಳುತ್ತಿತ್ತು; ಅದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಎಲ್ಲ ಮುಗಿಸಿ, ಪೈಪಿಗೆ ಮುಚ್ಚಳ ಹಾಕಿ, ಬಾಗಿಲು ತೆರೆದೆ. ಪಡಸಾಲೆ ಖಾಲಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕ ಹಾಗೆಯೇ ಇತ್ತು. ಮುಂಬಾಗಿಲು ಎಳೆದು ನೋಡಿದೆ. ಹೊರಗೆ ಬೀಗ ಕುಲುಕಿತು.

ಸಂಜೆ ನೀಲಮ್ಮ ಬಂದಾಗ ನಡೆದದ್ದನ್ನು ಹೇಳಿದೆ, ನಾನು ಕೂಗಿದ್ದೊಂದನ್ನು ಬಿಟ್ಟು. ಬೀಗ ಹಾಕಿದ ಮನೆಯೊಳಗೆ ಆ ಹೆಂಗಸು ಬಂದದ್ದು ಹೇಗೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಚೀಲವನ್ನೂ ಇಳಿಸದೆ ಕೇಳಿದಳು:

"ಮತ್ತ ನೀರು ಕೊಟ್ರೋ ಇಲ್ಲೋ?"

ನಾನು ಅಂಗಿಯ ಗುಂಡಿ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಮರುದಿನದಿಂದ ಬೀಗ ಹಾಕಿಸಲಿಲ್ಲ. ಓಣಿಯವರು ಬಂದರು, ಪೈಪು ನೋಡಿದರು, ಚಹಾ ಕುಡಿದು ಹೋದರು. ನಿಶ್ಶಕ್ತಿಯಲ್ಲಿ ಮಂಪರು ಕವಿದಾಗ ಹೀಗೆ ಕೇಳಿಸುವುದುಂಟು ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಆ ಏದುಸಿರು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬಂದವಳು ಯಾರು, ಎಲ್ಲಿಂದ ಬಂದಳು, ನನಗೆ ತಿಳಿದಿಲ್ಲ. ಎಷ್ಟು ಹೊತ್ತು ಕಾದು, ನೀರಿಲ್ಲದೆ ಎದ್ದು ಹೋದಳೋ ಅದೂ ತಿಳಿದಿಲ್ಲ.