ಅವ್ವನ ದವಡೆ ಅಲ್ಲಾಡಿದ್ದು

ಸ್ನೇಹಿತರೇ, ದವಡೆಯ ಎಕ್ಸ್‌ರೇ ತೆಗೆಯುವಾಗ ತುಟಿಯೂ ಮಿಸುಕಬಾರದು ಎಂದು ನನಗೆ ಇವತ್ತೇ ಗೊತ್ತಾಗಿದ್ದು.

ನಿನ್ನೆ ಆಕಳಿಸಿದ ಅವ್ವನಿಗೆ ತೆರೆದ ಬಾಯಿ ಮುಚ್ಚಲು ಆಗಲಿಲ್ಲ. ಹೇಗೋ ಸರಿಮಾಡಿದ ಡಾಕ್ಟರು, ಕೀಲು ಸವೆದಿದೆಯೋ ಜಾರಿದೆಯೋ ಎಕ್ಸ್‌ರೇ ನೋಡಿಯೇ ಹೇಳಬೇಕು ಎಂದರು. ಬೆಳಿಗ್ಗೆ ನಮ್ಮೂರು ಚಿಕ್ಕಯ್ಯನಛತ್ರದಿಂದ ನಂಜನಗೂಡು ತಲುಪುವವರೆಗೂ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದೆ.

ಎಕ್ಸ್‌ರೇ ತೆಗೆಯುವ ಹುಡುಗಿ, "ಅಜ್ಜಿ, ಓಲೆ, ಕುತ್ತಿಗೇಲಿರೋ ಬೆಳ್ಳಿ ಎಲ್ಲ ತೆಗೀರಿ" ಎಂದಳು. ಅವ್ವ ಓಲೆ ಬಿಚ್ಚಿಕೊಟ್ಟು, ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಗೆ ಮಾತ್ರ ಕೈ ಅಡ್ಡ ಇಟ್ಟಳು.

"ಲಿಂಗ ಮೈ ಬುಟ್ಟು ಓಗಂಗಿಲ್ಲ ಕಣವ್ವ. ಬೇಕಾರೆ ಫೋಟೋನೇ ಬ್ಯಾಡ."

ಕೊನೆಗೆ ಕರಡಿಗೆಯನ್ನು ಕೊರಳಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಳ್ಳುವುದೆಂದು ರಾಜಿಯಾಯಿತು.

ಫೋಟೋ ಮಸುಕಾಗಿ ಬಂತು. ಮತ್ತೆ ತೆಗೆದರೂ ಮಸುಕು. ಕೀಲೇ ಕರಗಿಹೋಗಿದೆಯೇನೋ ಎಂದು ನನಗೆ ಹೆದರಿಕೆ.

"ಅಜ್ಜಿ, ಬಾಯಿ ಅಲ್ಲಾಡಿಸ್ತಿದ್ದೀರ."

"ನಾನೆಲ್ಲವ್ವ ಅಲ್ಲಾಡುಸ್ದೆ?"

ಆಗ ನನಗೆ ಹೊಳೆಯಿತು. ದಿನಾ ಪೂಜೆಯಲ್ಲಿ ಲಿಂಗ ಅಂಗೈಗೆ ಬಂದೊಡನೆ ಅವ್ವನ ತುಟಿ ತಾನಾಗಿಯೇ ಶಿವಮಂತ್ರ ಶುರುಮಾಡುತ್ತದೆ. ಅವಳಿಗೇ ಅದು ತಿಳಿಯುವುದಿಲ್ಲ.

"ಮನಸ್ನಲ್ಲೇ ಹೇಳ್ಕೊ ಅವ್ವ" ಎಂದೆ. ಫೋಟೋ ಸ್ಪಷ್ಟವಾಗಿ ಬಂತು.

ಅದರಲ್ಲೇನಿದೆ ಎಂದು ಡಾಕ್ಟರು ಹೇಳುವುದು ನಾಳೆ. ವಾಪಸು ಬರುವ ಬಸ್ಸಿನಲ್ಲಿ ಎಕ್ಸ್‌ರೇ ಕವರನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಲಿಂಗಪೂಜೆ ಬಿಟ್ಟು ವರ್ಷಗಳೇ ಆದವಳು ನಾನು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು:

"ನಿನ್ ಬಾಯಿ ಯಾಕವ್ವ ಅಲ್ಲಾಡ್ತಾ ಅದೆ?"