ನಕ್ಷತ್ರಕ್ಕೆ ಹೋಗಿ ಬಂದ ಎಲೆ

ಸವಣೂರಿನ ನಮ್ಮ ಮನೆಯಲ್ಲಿ ದಿನ ಎಣಿಸುವುದು ಎಲೆಯಿಂದ. ತೋಟದಲ್ಲಿ ವೀಳ್ಯದೆಲೆ ಕೊಯ್ದದ್ದು ಮೊದಲ ದಿನ. ಅಲ್ಲಿಂದ ಎಷ್ಟನೆಯ ದಿನಕ್ಕೆ ಅಂಚು ಕಪ್ಪಾಗುತ್ತದೆ, ಎಷ್ಟನೆಯ ದಿನಕ್ಕೆ ಕೊಳೆಯುತ್ತದೆ ಎಂಬುದು ಅವ್ವನ ಬೆರಳಿಗೇ ಗೊತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ವಿಜ್ಞಾನದ ಮಾತು ಬಂದರೆ ನನ್ನದೇ ಮೇಲಾಗಬೇಕು ಎಂಬ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಹಾನಗಲ್ಲಿನ ಮಕ್ಕಳ ವಿಜ್ಞಾನ ಮೇಳದಲ್ಲಿ ಓದಲು ಒಂದು ಕಥೆ ಬರೆದಿದ್ದೆ. ಮೇಳ ಶನಿವಾರ. ಸೋಮವಾರ ಹುಬ್ಬಳ್ಳಿಯಲ್ಲಿ ಅವ್ವನ ಹೃದಯದ ಆಪರೇಶನ್. ಅಪಾಯ ಇದೆ ಎಂದು ಹೇಳಿಯೇ ಡಾಕ್ಟರು ಸಹಿ ಮಾಡಿಸಿಕೊಂಡಿದ್ದರು. ಅವಳ ಮನಸ್ಸು ಬೇರೆ ಕಡೆ ಹೊರಳಲಿ ಎಂದು ಶುಕ್ರವಾರ ಮಧ್ಯಾಹ್ನ, ಎಲೆ ಆರಿಸುತ್ತ ಕೂತಿದ್ದ ಅವ್ವನಿಗೆ ಕಥೆ ಓದಿ ಹೇಳಿದೆ.

ಕಥೆಯ ಹುಡುಗಿ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಒಂದು ನಕ್ಷತ್ರಕ್ಕೆ ಹೋಗಿ ಬರುತ್ತಾಳೆ. ಅಷ್ಟು ವೇಗದಲ್ಲಿ ಹೋಗುವವರಿಗೆ ಕಾಲ ನಿಧಾನ. ಊರಿನಲ್ಲಿ ಅರವತ್ತು ವರ್ಷ ಕಳೆದರೆ ಅವಳಿಗೆ ಬರೀ ನಾಲ್ಕು ದಿನ. ಹೊರಡುವಾಗ ಅವಳ ಅವ್ವ ಒಂದು ಕಟ್ಟು ಎಲೆ ಕೊಟ್ಟು, ಉಳಿಸಿಕೊಂಡು ಬಾ, ಇಬ್ಬರೂ ಕೂತು ಎಲೆ ಹಾಕಿಕೊಳ್ಳೋಣ ಅಂದಿರುತ್ತಾಳೆ. ತಿರುಗಿ ಬಂದು ಬಿಚ್ಚಿದರೆ ಎಲೆಯೆಲ್ಲ ಕೊಳೆತು ಹೋಗಿದೆ. ಅವ್ವ ಮಾತ್ರ ಎಂಥದೋ ಔಷಧಿ ಕುಡಿದು, ಹೋದಾಗ ಹೇಗಿದ್ದಳೋ ಹಾಗೇ ಬಾಗಿಲಲ್ಲಿ ನಿಂತಿದ್ದಾಳೆ.

ಅವ್ವ ಕೈ ನಿಲ್ಲಿಸಿದಳು. "ತಡಿ. ಹುಡುಗಿಗೆ ನಾಕ ದಿನಾನ ಆಗಿದ್ರ ಎಲಿ ಯಾಕ ಕೊಳೀತು? ಎಲಿ ಅಕಿ ಕೂಡನ ಇತ್ತಲ್ಲ?"

ಅಯ್ಯ ದೇವರೇ! ಎಲೆ ಬೆಳೆಯುವ ಮನೆಯವಳು ನಾನು, ಎಲೆಯ ದಿನವನ್ನು ಕೊಯ್ದ ಊರಿನ ಲೆಕ್ಕದಲ್ಲೇ ಎಣಿಸಿಬಿಟ್ಟಿದ್ದೆ. ಅಂಥ ವೇಗದ ರಾಕೆಟ್ಟು ಕಟ್ಟುಕಥೆ, ಒಪ್ಪುತ್ತೇನೆ. ಆದರೆ ವೇಗಕ್ಕೆ ಕಾಲ ನಿಧಾನವಾಗುವುದು ಕಟ್ಟುಕಥೆಯಲ್ಲ. ವಿಮಾನದಲ್ಲಿ ಗಡಿಯಾರ ಒಯ್ದು ಅಳೆದು ನೋಡಿದ್ದಾರೆ. ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ ನಾನು! ಅವ್ವನ ಮಡಿಲಲ್ಲಿದ್ದ ಒದ್ದೆ ಎಲೆಗಳನ್ನು ನೋಡಿದೆ. ಇಂಥದೊಂದು ಎಲೆ ಅರವತ್ತು ವರ್ಷ ದಾಟಿ ಹೀಗೇ ಹಚ್ಚಗೆ ಬಂದಿಳಿಯಬಹುದು, ನಮ್ಮ ಜಗತ್ತು ನಿಜವಾಗಿ ಹಾಗಿದೆ. ಮೈ ಜುಮ್ಮೆಂದಿತು.

"ಖರೇ ಅವ್ವಾ, ಎಲಿ ಹಸರನ ಇರತೈತಿ."

"ಮತ್ತ ಆ ಔಷಧ? ಅದು ಖರೇನ ಐತೇನ?"

"ಇಲ್ಲ. ಅದು ನಾ ಕಟ್ಟಿದ್ದು."

"ಹಂಗಾದ್ರ ಅವ್ವ ಸತ್ತಿರತಾಳ. ಹಂಗ ಬರಿ."

ನನಗೆ ಸಿಟ್ಟು ನೆತ್ತಿಗೇರಿತು. "ಸೋಮವಾರ ಆಪರೇಶನ್ ಇಟ್ಕೊಂಡು ನನ್ನ ಕೈಲೆ ಅವ್ವನ್ನ ಸಾಯಸ್ತೀ ಏನ? ಬಾಯಿಗೆ ಬಂದಂಗ ಮಾತಾಡಬ್ಯಾಡ!"

ಅವ್ವ ನಕ್ಕಳು. "ಕಥಿಯೊಳಗಿನಾಕಿ ಸತ್ರ ನಾ ಯಾಕ ಸಾಯಲಿ, ಹುಚ್ಚಿ? ಸಣ್ಣ ಹುಡುಗರ ಮುಂದ ಓದಾಕಿ ಅದೀ. ಎಲೀದು ಖರೇ ಬರದು ಅವ್ವಂದು ಸುಳ್ಳ ಬರೀಬ್ಯಾಡ."

ಅತ್ತುಬಿಟ್ಟೆ. ಅಳುತ್ತಲೇ ತಿದ್ದಿ ಬರೆದೆ.

ಶನಿವಾರ, ಬೇಡ ಬೇಡ ಅಂದರೂ ಕೇಳದೆ ಅವ್ವ ನನ್ನ ಜೊತೆ ಹಾನಗಲ್ಲಿನ ಬಸ್ಸು ಹತ್ತಿದಳು. ಮೇಳದಲ್ಲಿ ಮಕ್ಕಳ ನಡುವೆ ಮುಂದಿನ ಸಾಲಿನಲ್ಲೇ ಕೂತಳು. ಹುಡುಗಿ ಕಟ್ಟು ಬಿಚ್ಚಿದಳು, ಎಲೆ ಹಸಿರಾಗಿತ್ತು ಎಂದು ನಾನು ಓದಿದಾಗ ಮಕ್ಕಳು ಹೋ ಎಂದು ಕೂಗಿದರು. ಅದರ ಕೆಳಗಿನ ಸಾಲು: ಎಲೆ ಹಾಕಿಕೊಳ್ಳಲು ಅವ್ವ ಇರಲಿಲ್ಲ. ಅಲ್ಲಿಗೆ ಬಂದವಳು ಓದುವುದನ್ನು ನಿಲ್ಲಿಸಿಬಿಟ್ಟೆ. ಹಾಳೆಯ ಮೇಲಿನ ಅಕ್ಷರ ಕಾಣಲಿಲ್ಲ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

"ಓದು, ಓದು," ಅವ್ವ ಕೂತಲ್ಲಿಂದಲೇ ಗದರಿದಳು. "ನಾ ಇಲ್ಲೇ ಅದೇನಿ."